ಅಮ್ಮನ ಇಎಸ್‌ಆರ್ 58 ಬಂದಿದೆ, ಗಾಬರಿ ಆಗಬೇಕಾ?

ಅರಸೀಕೆರೆ_ಹುಡುಗಿ · ಶುಕ್ರವಾರ, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ. ಊರಲ್ಲೇ ಇರುತ್ತಾರೆ. ಈ ವಾರ ಬೆಂಗಳೂರಿಗೆ ಬಂದಾಗ ನಾನೇ ಹಟ ಹಿಡಿದು 999 ರೂಪಾಯಿಯ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಸಂಜೆಗೆ ಫೋನಿಗೆ 14 ಪುಟದ ರಿಪೋರ್ಟ್ ಬಂತು. ಶುಗರ್, ಥೈರಾಯ್ಡ್, ಕಿಡ್ನಿ ಎಲ್ಲ ಸರಿ ಇದೆ. ಇಎಸ್‌ಆರ್ 58 ಅಂತ ದಪ್ಪ ಕೆಂಪಕ್ಷರದಲ್ಲಿದೆ. ಪಕ್ಕದಲ್ಲಿ "ಉರಿಯೂತದ ಸೂಚನೆ" ಅಂತ ಒಂದು ಸಾಲು, ಜೊತೆಗೆ ಬೆಂಕಿಯ ಚಿತ್ರ ಬೇರೆ.

ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಪ್ಪಾಯಿತು. ಚಿಕ್ಕಪ್ಪ "ಇದು ಟಿಬಿ, ನೋಡ್ತಾ ಇರು" ಅಂದರು. ಸೋದರತ್ತೆ "ಕ್ಯಾನ್ಸರ್ ಇದ್ದರೂ ಹೀಗೇ ಏರುತ್ತೆ" ಅಂದರು. ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಮಂಡಿನೋವು ಇದೆ, ಅದು ನಾಲ್ಕೈದು ವರ್ಷದ್ದು. ಇತ್ತೀಚೆಗೆ ಸ್ವಲ್ಪ ಸುಸ್ತು ಅಂತಾರೆ.

ಡಾಕ್ಟರು ಸೋಮವಾರಕ್ಕೆ ಬನ್ನಿ ಅಂದಿದ್ದಾರೆ. ಅಲ್ಲಿಯವರೆಗೆ ಇದೇನು ಅಂತ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ. 58 ಅಂದರೆ ಎಂಥ 58? ಪರ್ಸೆಂಟಾ, ಗ್ರಾಮಾ?

ತುಮಕೂರು_ತಿಂಡಿಪೋತ

ಮೊದಲು ಅಮ್ಮನಿಗೆ ಊಟ ಮಾಡಿಸಿ. ಆಮೇಲೆ ಇಎಸ್‌ಆರ್.

ಸಂಶಯ_ಸೋಮ

ಈ ಪ್ಯಾಕೇಜುಗಳ ಕಥೆಯೇ ಇಷ್ಟು. 70 ಪರೀಕ್ಷೆ ಮಾಡಿದರೆ ಒಂದೆರಡಾದರೂ ಕೆಂಪಾಗಲೇಬೇಕು. ಆಮೇಲೆ ಆ ಕೆಂಪಿನ ಬಾಲ ಹಿಡಿದು ಇನ್ನೂ ಹತ್ತು ಪರೀಕ್ಷೆ. ಆರಾಮಾಗಿ ಇರುವವರಿಗೆ ಇಎಸ್‌ಆರ್ ಮಾಡಿದ್ದು ಯಾಕೆ ಅಂತ ಕೇಳಿ ನೋಡಿ, ಉತ್ತರ ಇರಲ್ಲ.

ರಿಟೈರ್ಡ್_ಲ್ಯಾಬಣ್ಣ

ತಂಗೀ, ಪರ್ಸೆಂಟೂ ಅಲ್ಲ, ಗ್ರಾಮೂ ಅಲ್ಲ. ಅದು ಮಿಲಿಮೀಟರ್. ಒಂದು ಗಂಟೆಯಲ್ಲಿ ರಕ್ತದ ಕೆಂಪು ಕಣ ಎಷ್ಟು ಕೆಳಗೆ ಕೂತಿತು ಅನ್ನುವ ಲೆಕ್ಕ. ನಾನು ಸರ್ಕಾರಿ ಆಸ್ಪತ್ರೆಗಳ ಲ್ಯಾಬುಗಳಲ್ಲಿ 33 ವರ್ಷ ಇದನ್ನೇ ಮಾಡಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

1.6 ಎಂಎಲ್ ರಕ್ತಕ್ಕೆ 0.4 ಎಂಎಲ್ ಸೋಡಿಯಂ ಸಿಟ್ರೇಟ್ ಸೇರಿಸುತ್ತೇವೆ. ರಕ್ತ ಹೆಪ್ಪುಗಟ್ಟಬಾರದು ಅಂತ. ಅದನ್ನು ವೆಸ್ಟರ್‌ಗ್ರೆನ್ ಕೊಳವೆಗೆ ಏರಿಸುತ್ತೇವೆ. 30 ಸೆಂಟಿಮೀಟರ್ ಉದ್ದ, ಒಳಗೆ ಎರಡೂವರೆ ಮಿಲಿಮೀಟರ್ ಅಗಲ, ಮೇಲಿಂದ ಕೆಳಕ್ಕೆ 0ಯಿಂದ 200ರವರೆಗೆ ಗೆರೆ. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಗಡಿಯಾರ ನೋಡುವುದು. ಒಂದು ಗಂಟೆ ಆದ ಮೇಲೆ ಮೇಲೆ ತಿಳಿ ಹಳದಿ ನೀರು, ಕೆಳಗೆ ಕೆಂಪು. ಆ ತಿಳಿ ಎಷ್ಟು ಉದ್ದ ಇದೆಯೋ ಅದೇ ನಿಮ್ಮ 58.

ಹಾಗಾದರೆ ಯಾಕೆ ಬೇಗ ಕೂರುತ್ತದೆ? ನಮ್ಮೂರಲ್ಲಿ ಮಳೆಗಾಲದ ಕೆರೆ ನೀರಿಗೆ ಪಟಿಕ ಆಡಿಸುತ್ತಿದ್ದರು, ನೆನಪಿದೆಯಾ? ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿರುತ್ತವೆ. ಪಟಿಕ ಬಿದ್ದ ಕೂಡಲೇ ಆ ಜಗಳ ನಿಂತು ಕಣಗಳು ಗಂಟಾಗುತ್ತವೆ, ಗಂಟು ಭಾರಕ್ಕೆ ತಳ ಸೇರುತ್ತದೆ. ರಕ್ತದಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ, ಅದಕ್ಕೇ ಅವು ಒಂದಕ್ಕೊಂದು ಅಂಟುವುದಿಲ್ಲ. ಮೈಯಲ್ಲಿ ಎಲ್ಲಾದರೂ ಉರಿಯೂತ, ಅಂದರೆ ಸೋಂಕಿಗೋ ಪೆಟ್ಟಿಗೋ ಬರುವ ಬಾವು-ಉರಿ, ಇದ್ದರೆ ಲಿವರ್ ಫೈಬ್ರಿನೋಜನ್ ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಅದೇ ಇಲ್ಲಿ ಪಟಿಕ. ಕಣಗಳು ನಾಣ್ಯ ಜೋಡಿಸಿದ ಹಾಗೆ ಒಂದರ ಮೇಲೊಂದು ಅಂಟಿ ದಬದಬ ಕೆಳಗಿಳಿಯುತ್ತವೆ.

ಆದರೆ ಪಟಿಕ ಯಾರು ಹಾಕಿದರು, ಯಾಕೆ ಹಾಕಿದರು ಅಂತ ಕೊಳವೆ ಹೇಳಲ್ಲ. ಟಿಬಿ ಅಂತಾಗಲಿ ಕ್ಯಾನ್ಸರ್ ಅಂತಾಗಲಿ ಅದರಲ್ಲಿ ಬರೆದಿರಲ್ಲ. ಚಿಕ್ಕಪ್ಪನಿಗೆ ಇದನ್ನು ಓದಿಸಿ.

ಅರಸೀಕೆರೆ_ಹುಡುಗಿ

ಅಣ್ಣಾ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. "ಪಟಿಕ ನಮ್ಮಜ್ಜಿ ಮನೇಲೂ ಇತ್ತು" ಅಂತ ಎದ್ದು ಮೊಸರನ್ನ ತಿಂದರು.

ತುಮಕೂರು_ತಿಂಡಿಪೋತ

ನನ್ನ ಸಲಹೆಯೇ ಮೊದಲು ಫಲ ಕೊಟ್ಟಿದ್ದು, ಗಮನಿಸಿ.

ಪ್ಯಾಥಾಲಜಿ_ಪಾಪು

ಲ್ಯಾಬಣ್ಣನವರಿಗೆ ನಮಸ್ಕಾರ. ನಾನು ಪ್ಯಾಥಾಲಜಿ ಎರಡನೇ ವರ್ಷದ ಪಿಜಿ. ಒಂದು ಸೇರ್ಪಡೆ.

ರಿಪೋರ್ಟಿನಲ್ಲಿ "0–20" ಅಂತ ಹಾಕಿರುತ್ತಾರೆ ಅಲ್ವಾ, ಅದು ಚಿಕ್ಕ ವಯಸ್ಸಿನ ಹೆಂಗಸರ ಮಿತಿ. ವಯಸ್ಸಾದ ಹಾಗೆ ಇಎಸ್‌ಆರ್ ತಾನಾಗೇ ಏರುತ್ತದೆ. 1983ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸುಲಭ ಲೆಕ್ಕ ಬಂತು. ಗಂಡಸರಿಗೆ ವಯಸ್ಸಿನ ಅರ್ಧ. ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅರ್ಧ. ನಿಮ್ಮ ಅಮ್ಮನಿಗೆ 72ರ ಅರ್ಧ, ಅಂದರೆ 36ರವರೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 58 ಅದಕ್ಕಿಂತ ಜಾಸ್ತಿಯೇ. ಆದರೆ 20ರ ಪಕ್ಕ ಇಟ್ಟು ಮೂರು ಪಟ್ಟು ಅಂತ ಹೆದರುವಷ್ಟು ಅಲ್ಲ.

100 ದಾಟಿದರೆ ಬೇರೆ ಮಾತು. ಆಗ ಹುಡುಕಿದರೆ ಸಾಮಾನ್ಯವಾಗಿ ಏನಾದರೂ ಸಿಕ್ಕೇ ಸಿಗುತ್ತದೆ. ದೊಡ್ಡ ಸೋಂಕು, ಕೀಲು ಅಥವಾ ರಕ್ತನಾಳದ ಉರಿಯೂತ, ಮೈಲೋಮಾದಂಥ ಕ್ಯಾನ್ಸರ್, ಹೀಗೆ.

ರಿಟೈರ್ಡ್_ಲ್ಯಾಬಣ್ಣ

ಪಾಪು, ಸರಿ ಇದೆ. ಆದರೆ ಈಗ ತಾನೇ ಮೊಸರನ್ನ ತಿಂದಿದ್ದಾರೆ, ಮೈಲೋಮಾ ಯಾಕೆ ಎತ್ತಿದೆ?

ಪ್ಯಾಥಾಲಜಿ_ಪಾಪು

ಸಾರಿ ಸರ್ 🙏 ನಾಳೆ ವೈವಾ ಇದೆ, ಬಾಯಿಗೆ ಅದೇ ಬರುತ್ತಿದೆ.

ಮನೆಮದ್ದು_ಮಂಜಣ್ಣ

ನನಗೆ ಹೋದ ವರ್ಷ ಇಎಸ್‌ಆರ್ 44 ಇತ್ತು. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ. ದಿನಾ ರಾತ್ರಿ ಹಾಲಿಗೆ ಅರಿಶಿನ, ಮೆಣಸು ಹಾಕಿ ಕುಡಿದೆ. ಎರಡು ತಿಂಗಳಲ್ಲಿ 16. ಯಾವ ಡಾಕ್ಟರೂ ಬೇಕಾಗಿಲ್ಲ. ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ.

ಸಂಶಯ_ಸೋಮ

ಮಂಜಣ್ಣ, ಅರಿಶಿನ ಹಾಲು ಕುಡಿಯದೇ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಗೊತ್ತಾ? ಅದೇ 16.

ಮನೆಮದ್ದು_ಮಂಜಣ್ಣ

ನಿಮಗೆ ಎಲ್ಲದರಲ್ಲೂ ಸಂಶಯ. ಹೆಸರಿಗೆ ತಕ್ಕ ಹಾಗಿದ್ದೀರಿ.

ಪ್ಯಾಥಾಲಜಿ_ಪಾಪು

ಇಲ್ಲಿ ಸೋಮಣ್ಣ ಹೇಳಿದ್ದು ಸರಿ. ಇಎಸ್‌ಆರ್ ನಿಧಾನದ ಗಿರಾಕಿ. ಜ್ವರ ಶುರುವಾಗಿ ಒಂದೆರಡು ದಿನ ಆದ ಮೇಲೆ ಏರುತ್ತದೆ. ಕಾಯಿಲೆ ವಾಸಿಯಾದರೂ ಇಳಿಯಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಫೈಬ್ರಿನೋಜನ್ ರಕ್ತದಲ್ಲಿ ಅರ್ಧಕ್ಕಿಳಿಯಲೇ ನಾಲ್ಕು ದಿನ ಬೇಕು.

ಸಿಆರ್‌ಪಿ ಹಾಗಲ್ಲ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ. ಉರಿಯೂತ ಇದ್ದಾಗ ಲಿವರ್ ಮಾಡುವ ಇನ್ನೊಂದು ಪ್ರೋಟೀನ್. ಆರು ಗಂಟೆಯಲ್ಲಿ ಏರಲು ಶುರು, ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಹೋದರೆ ಸುಮಾರು 19 ಗಂಟೆಗೊಮ್ಮೆ ಅರ್ಧ ಆಗುತ್ತಾ ಬರುತ್ತದೆ. ಹಾಗಾಗಿ "ಈಗ ಉರಿಯೂತ ಇದೆಯಾ" ಅಂತ ಕೇಳಬೇಕಾದರೆ ಸಿಆರ್‌ಪಿಯೇ ವಾಸಿ. ಏನು ಕಾಯಿಲೆ ಅಂತ ಗೊತ್ತಿಲ್ಲದವರಿಗೆ ಉರಿಯೂತ ಹುಡುಕಲು ಇಎಸ್‌ಆರ್ ಬರೆಯಬೇಡಿ, ಸಿಆರ್‌ಪಿ ಬರೆಯಿರಿ ಅಂತ ಅಮೆರಿಕದ ಕ್ಲಿನಿಕಲ್ ಪ್ಯಾಥಾಲಜಿ ಸೊಸೈಟಿಯೇ ಹೇಳಿದೆ.

ಅರಿಶಿನ ಹಾಲು ಕುಡಿಯಿರಿ, ಯಾರೂ ಬೇಡ ಅನ್ನಲ್ಲ. ಆದರೆ ಅದಕ್ಕೆ ಮಾರ್ಕ್ಸ್ ಕೊಡಬೇಡಿ.

ಧಾರವಾಡ_ಫೇಡಾ

ಹಂಗಾದ್ರ ಇಎಸ್‌ಆರ್ ಯಾಕ ಇನ್ನೂ ಮಾಡ್ತಾರ್ರೀ? ತೆಗೆದು ಒಗೀಬೇಕಪ್ಪ.

ರಿಟೈರ್ಡ್_ಲ್ಯಾಬಣ್ಣ

ಯಾಕೆ ಅಂದರೆ ಅಗ್ಗ. ಕರೆಂಟ್ ಬೇಡ, ಮೆಷಿನ್ ಬೇಡ. ಒಂದು ಗಾಜಿನ ಕೊಳವೆ, ಒಂದು ಗಡಿಯಾರ. ಹಳ್ಳಿ ಆಸ್ಪತ್ರೆಯಲ್ಲಿ ಅದೊಂದೇ ಇದ್ದ ಕಾಲ ಇತ್ತು ಸ್ವಾಮಿ.

ಈಗಿನವರಿಗೆ ಹೇಳಿದರೆ ನಂಬಲ್ಲ, ನಾವು ಆ ಕೊಳವೆಗೆ ರಕ್ತವನ್ನು ಬಾಯಲ್ಲಿ ಎಳೆಯುತ್ತಿದ್ದೆವು. ಹೌದು, ಬಾಯಲ್ಲೇ. ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಸೊನ್ನೆ ಗೆರೆಗೆ ಬಂದ ಕೂಡಲೇ ಬೆರಳಿಟ್ಟು ಮುಚ್ಚುವುದು. ಒಂದು ಕ್ಷಣ ಮೈಮರೆತರೆ ಬಾಯೆಲ್ಲ ಉಪ್ಪುಪ್ಪು. ಯಾರ ರಕ್ತವೋ, ಅದರಲ್ಲಿ ಏನಿತ್ತೋ! ಎಚ್‌ಐವಿ ಹೆಸರು ಕೇಳಿದ ಮೇಲೆ ರಬ್ಬರ್ ಬಲ್ಬ್ ಬಂತು. ನನ್ನ ಸೀನಿಯರ್ ಒಬ್ಬರಿಗೆ ಕಾಮಾಲೆ ಆಗಿತ್ತು, ಇದರಿಂದಲೇ ಅಂತ ನಾವೆಲ್ಲ ನಂಬಿದ್ದೆವು.

ಇನ್ನೊಂದು ಕಥೆ ಹೇಳಲಾ?

ತುಮಕೂರು_ತಿಂಡಿಪೋತ

ಹೇಳಿ ಅಣ್ಣಾ, ಊಟ ಆಗಿದೆ. ಬಾಯಿ ಕಥೆ ಮಾತ್ರ ಬೇಡ.

ರಿಟೈರ್ಡ್_ಲ್ಯಾಬಣ್ಣ

ಒಂದು ತಾಲ್ಲೂಕು ಆಸ್ಪತ್ರೆ. ಹೆಸರು ಬೇಡ. ಒಂದು ತಿಂಗಳು ಯಾರದ್ದು ನೋಡಿದರೂ ಇಎಸ್‌ಆರ್ 40, 50. ಡಾಕ್ಟರು ನನ್ನನ್ನು ಕರೆದು "ಏನಯ್ಯಾ, ಇಡೀ ತಾಲ್ಲೂಕಿಗೆ ಟಿಬಿ ಬಂದಿದೆಯಾ?" ಅಂದರು. ಸಿಟ್ರೇಟ್ ಬದಲಾಯಿಸಿದೆ, ಕೊಳವೆ ತೊಳೆದೆ, ಅದೇ ಉತ್ತರ. ಕೊನೆಗೆ ನೋಡಿದರೆ ಸ್ಟ್ಯಾಂಡಿನ ಒಂದು ಕಾಲಿನ ಸ್ಕ್ರೂ ಬಿದ್ದುಹೋಗಿ ಇಡೀ ಸ್ಟ್ಯಾಂಡ್ ಒಂಚೂರು ವಾಲಿತ್ತು. ಬರೀ ಮೂರು ಡಿಗ್ರಿ ವಾಲಿದರೂ 30 ಪರ್ಸೆಂಟ್ ತನಕ ಜಾಸ್ತಿ ತೋರಿಸಬಹುದು. ಕಣಗಳು ಗೋಡೆ ಹಿಡಿದು ಜಾರುತ್ತವೆ, ಪ್ಲಾಸ್ಮಾ, ಅಂದರೆ ಆ ತಿಳಿ ಹಳದಿ ನೀರು, ಇನ್ನೊಂದು ಬದಿಯಿಂದ ಮೇಲೆ ಬರುತ್ತದೆ. ಸಾಲದ್ದಕ್ಕೆ ಟೇಬಲ್ ಪಶ್ಚಿಮದ ಕಿಟಕಿ ಪಕ್ಕ ಇತ್ತು. ಮಧ್ಯಾಹ್ನದ ಬಿಸಿಲು ನೇರ ಕೊಳವೆಗೆ. ಬಿಸಿಯಾದರೂ ಬೇಗ ಕೂರುತ್ತದೆ.

ಬೆಂಕಿಪೆಟ್ಟಿಗೆಯ ರಟ್ಟು ಮಡಿಸಿ ಕಾಲಿಗೆ ಕೊಟ್ಟೆ, ಟೇಬಲ್ ಸರಿಸಿದೆ. ಮರುದಿನ ತಾಲ್ಲೂಕಿನ ಟಿಬಿ ವಾಸಿ.

ಧಾರವಾಡ_ಫೇಡಾ

😂😂 ಬೆಂಕಿಪೆಟ್ಟಿಗಿ ಟ್ರೀಟ್‌ಮೆಂಟ್!

ಟಿಬಿ_ಬೈಕು

ಟಿಬಿ ಅನ್ನುವ ಹೆಸರು ಬಂದಿದ್ದಕ್ಕೆ ನಾನೂ ಬಂದೆ. ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಬೈಕಿನಲ್ಲಿ ಊರೂರು ಸುತ್ತುವ ಕೆಲಸ ನನ್ನದು.

ಚಿಕ್ಕಪ್ಪನಂಥವರು ಪ್ರತಿ ಊರಲ್ಲೂ ಇದ್ದಾರೆ. ಮೊದಲು ಇಎಸ್‌ಆರ್ ನೋಡಿಯೇ ಟಿಬಿ ಮಾತ್ರೆ ಶುರು ಮಾಡಿಸುವವರು ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅದು ತಪ್ಪು. ಟಿಬಿ ಇದ್ದೂ ಇಎಸ್‌ಆರ್ ನಾರ್ಮಲ್ ಇರಬಹುದು. ಟಿಬಿ ಇಲ್ಲದೇ ನೂರು ಕಾರಣಕ್ಕೆ ಏರಬಹುದು. ನಾವು ಕೇಳುವುದು ಬೇರೆ: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ, ಸಂಜೆ ಜ್ವರ ಬರುತ್ತದಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತಾರಾ, ಮನೆಯಲ್ಲಿ ಯಾರಿಗಾದರೂ ಇತ್ತಾ. ಇದ್ದರೆ ಕಫ ಪರೀಕ್ಷೆ, ಎಕ್ಸ್‌ರೇ. ಸಿಬಿನಾಟ್, ಟ್ರೂನಾಟ್ ಅಂತ ಮೆಷಿನ್ ಇದೆ, ರೋಗಾಣುವಿನ ಡಿಎನ್‌ಎಯನ್ನೇ ಹುಡುಕುತ್ತದೆ. ಟ್ರೂನಾಟ್ ನಮ್ಮ ಪಕ್ಕದ ಗೋವಾದ್ದೇ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ.

ಇನ್ನೊಂದು. "ರಕ್ತದಲ್ಲಿ ಟಿಬಿ ಇದೆ" ಅಂತ ಐಜಿಜಿ, ಐಜಿಎಂ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ) ರಿಪೋರ್ಟ್ ಹಿಡಿದು ಬರುತ್ತಿದ್ದರು. ಆ ಪರೀಕ್ಷೆಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ.

ಅರಸೀಕೆರೆ_ಹುಡುಗಿ

ಅದ್ಯಾವ ಲಕ್ಷಣವೂ ಅಮ್ಮನಿಗೆ ಇಲ್ಲ. ಚಿಕ್ಕಪ್ಪನಿಗೆ ಇದನ್ನೇ ಫಾರ್ವರ್ಡ್ ಮಾಡುತ್ತೇನೆ.

ವಾರ್ಸಾ_ವಾಸು

ನಾನಿರುವುದು ಪೋಲೆಂಡಿನಲ್ಲಿ. ಇಲ್ಲಿ ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಇಎಸ್‌ಆರ್ ಎಲ್ಲಿ ಅಂತ ಹುಡುಕಿದೆ, ಸಿಗಲಿಲ್ಲ. "ಓಬಿ" ಅಂತ ಏನೋ ಇತ್ತು. ಕೇಳಿದರೆ "ಒಡ್ಚಿನ್ ಬಿಯರ್ನಾಟ್ಸ್ಕಿಯೆಗೊ", ಅಂದರೆ ಬಿಯರ್ನಾಟ್ಸ್ಕಿಯ ಪ್ರತಿಕ್ರಿಯೆ ಅಂತೆ. ಎಡ್ಮಂಡ್ ಬಿಯರ್ನಾಟ್ಸ್ಕಿ ಅನ್ನುವ ಇಲ್ಲಿನ ಡಾಕ್ಟರು 1897ರಲ್ಲೇ ಇದನ್ನು ಬರೆದಿದ್ದರು. ಫೈಬ್ರಿನೋಜನ್ ಜಾಸ್ತಿ ಇದ್ದರೆ ಬೇಗ ಕೂರುತ್ತದೆ ಅಂತಲೂ ಗುರುತಿಸಿದ್ದರು. ಲ್ಯಾಬಣ್ಣ ಹೇಳಿದ ವೆಸ್ಟರ್‌ಗ್ರೆನ್ ಸ್ವೀಡನ್ನಿನವರು, ಅವರದ್ದು ಬಂದಿದ್ದು 1921ರಲ್ಲಿ. ಜಗತ್ತೆಲ್ಲ ವೆಸ್ಟರ್‌ಗ್ರೆನ್ ಅನ್ನುತ್ತದೆ, ಇಲ್ಲಿಯವರು ಮಾತ್ರ ಹಟ ಬಿಟ್ಟಿಲ್ಲ. ಒಳ್ಳೆಯ ಹಟ ಅನಿಸಿತು ನನಗೆ.

ಪ್ಯಾಥಾಲಜಿ_ಪಾಪು

ಮಧ್ಯದಲ್ಲಿ ಇನ್ನೊಬ್ಬ ಸ್ವೀಡನ್ನಿನವರು ಇದ್ದಾರೆ, ರಾಬಿನ್ ಫೋರೇಯುಸ್. 1918ರಲ್ಲಿ ಬಸುರಿಯರ ರಕ್ತ ಬೇಗ ಕೂರುವುದನ್ನು ನೋಡಿ, ಬಸಿರು ಪತ್ತೆ ಮಾಡುವ ಪರೀಕ್ಷೆ ಸಿಕ್ಕಿತು ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಕಾಯಿಲೆಯವರದ್ದೂ ಹಾಗೇ ಕೂರುತ್ತದೆ! ಬಸಿರು ಬಿಟ್ಟು ಉರಿಯೂತ ಸಿಕ್ಕಿತು.

ಮೈಸೂರು_ಮಲ್ಲಿಗೆಮೊಗ್ಗು

ಅಯ್ಯೋ ನಾನು ಏಳು ತಿಂಗಳ ಬಸುರಿ, ನನ್ನದು 48 ಬಂದಿದೆ ಅಂತ ಮೂರು ದಿನದಿಂದ ಹೆದರಿಕೊಂಡಿದ್ದೆ. ಈಗ ಉಸಿರು ಬಂತು. ಥ್ಯಾಂಕ್ಯೂ ಥ್ಯಾಂಕ್ಯೂ.

ಪ್ಯಾಥಾಲಜಿ_ಪಾಪು

ಆ ಸಮಯದಲ್ಲಿ ಏರುವುದು ಸಹಜ ಅಕ್ಕಾ. ಆದರೂ ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಎಷ್ಟಿದೆ ಕೇಳಿ.

ರಿಟೈರ್ಡ್_ಲ್ಯಾಬಣ್ಣ

ಆಂ! ಹಿಮೋಗ್ಲೋಬಿನ್. ಕಥೆ ಹೇಳುತ್ತಾ ಮುಖ್ಯವಾದದ್ದೇ ಮರೆತೆ. ಅರಸೀಕೆರೆ ತಂಗೀ, ಅಮ್ಮನ ಹಿಮೋಗ್ಲೋಬಿನ್ ಎಷ್ಟು?

ಅರಸೀಕೆರೆ_ಹುಡುಗಿ · ಶನಿವಾರ, ಬೆಳಿಗ್ಗೆ 7:15

8.9 ಅಣ್ಣಾ. ಅದೂ ಕೆಂಪಲ್ಲೇ ಇತ್ತು. ಆದರೆ ಹೆಂಗಸರಿಗೆ ಸ್ವಲ್ಪ ಕಡಿಮೆ ಇರುತ್ತದೆ ಅಲ್ವಾ ಅಂತ ಬಿಟ್ಟಿದ್ದೆ.

ರಿಟೈರ್ಡ್_ಲ್ಯಾಬಣ್ಣ

ಅದು "ಸ್ವಲ್ಪ" ಅಲ್ಲ ತಂಗೀ. 12 ಇರಬೇಕು. "ಶುಗರ್, ಥೈರಾಯ್ಡ್ ಎಲ್ಲ ಸರಿ, ಇಎಸ್‌ಆರ್ ಕೆಂಪು" ಅಂತ ಬರೆದಿರಿ. ರಕ್ತ ಕಡಿಮೆ ಇರುವುದು ಲೆಕ್ಕಕ್ಕೇ ಬರಲಿಲ್ಲ. ನನಗೆ ಸಿಟ್ಟು ನಿಮ್ಮ ಮೇಲಲ್ಲ. 33 ವರ್ಷ ಹೆಂಗಸರ ರಿಪೋರ್ಟ್ ಬರೆದಿದ್ದೇನೆ. ಗಂಡಸಿನದು 9 ಬಂದರೆ ಮನೆಮಂದಿಯೆಲ್ಲ ಓಡಿ ಬರುತ್ತಿದ್ದರು. ಹೆಂಗಸಿನದು 7 ಬಂದರೂ "ಮಾಮೂಲು ಬಿಡಿ ಸಾರ್".

ಪ್ಯಾಥಾಲಜಿ_ಪಾಪು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ. ಮಾಮೂಲು ಆಗಿಹೋಗಿದೆ, ನಿಜ. ನಾರ್ಮಲ್ ಅಲ್ಲ.

ಇದಕ್ಕೂ ಇಎಸ್‌ಆರ್‌ಗೂ ಸಂಬಂಧ ಇದೆ. ಕೆಂಪು ಕಣ ಕಡಿಮೆ ಇದ್ದರೆ ಕೊಳವೆಯಲ್ಲಿ ಗುಂಪು ಕಡಿಮೆ, ಕೆಳಗಿಳಿಯಲು ದಾರಿ ಸಲೀಸು. ಯಾವ ಉರಿಯೂತ ಇಲ್ಲದಿದ್ದರೂ ಬೇಗ ಕೂರುತ್ತದೆ. ಅಕ್ಕಾ, ಅದೇ ಪುಟದಲ್ಲಿ ಎಂಸಿವಿ ಅಂತ ಇರುತ್ತದೆ ನೋಡಿ, ಕೆಂಪು ಕಣದ ಸರಾಸರಿ ಗಾತ್ರ ಅದು. ಜೊತೆಗೆ ಸಿಆರ್‌ಪಿ ಮಾಡಿದ್ದಾರಾ?

ಅರಸೀಕೆರೆ_ಹುಡುಗಿ

ಎಂಸಿವಿ 69. ಸಿಆರ್‌ಪಿ ಇದೆ, 0.4 ಅಂತ. ಆದರೆ ನನ್ನ ಫ್ರೆಂಡಿನದು 4 ಇತ್ತು, ಅವಳಿಗೆ ನಾರ್ಮಲ್ ಅಂದಿದ್ದರು. ಹಾಗಾದರೆ ಅಮ್ಮನದು ತುಂಬಾ ಕಡಿಮೆಯಾ?

ಪ್ಯಾಥಾಲಜಿ_ಪಾಪು

ಪಕ್ಕದ ಅಳತೆ ನೋಡಿ. ಒಂದು ಲ್ಯಾಬ್ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತದೆ, ಇನ್ನೊಂದು ಲೀಟರಿಗೆ ಇಷ್ಟು ಅಂತ. ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿನ 0.4, ಲೀಟರಿನ 4, ಎರಡೂ ಒಂದೇ. ಎರಡೂ ನಾರ್ಮಲ್. ಇದರಲ್ಲಿ ನಮ್ಮ ಹೌಸ್ ಸರ್ಜನ್ನರೇ ಎಡವುತ್ತಾರೆ.

ಸಿಆರ್‌ಪಿ ಸರಿ ಇದೆ, ರಕ್ತ ಕಡಿಮೆ, ಕಣಗಳು ಚಿಕ್ಕವು. ಇದು ಕಬ್ಬಿಣದ ಕೊರತೆ ಇರಬಹುದು. ಆದರೆ ನನಗೆ ಕಾಡುವ ಪ್ರಶ್ನೆ ಬೇರೆ. ಅಮ್ಮನಿಗೆ ಮುಟ್ಟು ನಿಂತು ಎಷ್ಟೋ ವರ್ಷ ಆಗಿರಬೇಕು. ಹಾಗಾದರೆ ಈ ವಯಸ್ಸಿನಲ್ಲಿ ಕಬ್ಬಿಣ ಎಲ್ಲಿಂದ ಸೋರುತ್ತಿದೆ?

ಮನೆಮದ್ದು_ಮಂಜಣ್ಣ

ಬೀಟ್‌ರೂಟ್, ದಾಳಿಂಬೆ, ಖರ್ಜೂರ. ಅಷ್ಟೇ.

ಸಂಶಯ_ಸೋಮ

ತೂತು ಬಿದ್ದ ಬಿಂದಿಗೆಗೆ ನೀರು ಹಾಕುತ್ತಾ ಇರಿ ಅಂತೀರಾ?

ಮೇಲ್ವಿಚಾರಕ

ಮಂಜಣ್ಣ, ಸೋಮಣ್ಣ, ಇಬ್ಬರೂ ಹೊರಗೆ ಜಗಳ ಆಡಿಕೊಳ್ಳಿ. ಇಲ್ಲಿ ಒಬ್ಬರ ತಾಯಿಯ ವಿಷಯ ನಡೆಯುತ್ತಿದೆ.

ಕೀಲುನೋವು_ಕಮಲಿ

ನಾನು ಎಂಟು ವರ್ಷದಿಂದ ರುಮಟಾಯ್ಡ್ (ಕೀಲುಗಳ ಉರಿಯೂತ) ಪೇಷೆಂಟ್. ತಡವಾಗಿ ಬಂದೆ, ಎರಡು ಮಾತು ಹೇಳಬೇಕು.

ಒಂದು, ಇಎಸ್‌ಆರ್ ಬಗ್ಗೆ. ನನಗೆ ಶುರುವಾದಾಗ ಬೆರಳೆಲ್ಲ ಬದನೆಕಾಯಿ ಹಾಗೆ ಊದಿದ್ದವು. ಬೆಳಿಗ್ಗೆ ಎದ್ದರೆ ಎರಡು ಗಂಟೆ ಮುಷ್ಟಿ ಮಡಿಸಲು ಆಗುತ್ತಿರಲಿಲ್ಲ. ಇಎಸ್‌ಆರ್ 14! "ನಾರ್ಮಲ್ ಇದೆ, ಟೆನ್ಷನ್ನಿಂದ ಹೀಗಾಗುತ್ತೆ" ಅಂತ ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಎಂಟು ತಿಂಗಳು ಹಾಳಾಯಿತು. ಈಗಿನ ನನ್ನ ಡಾಕ್ಟರು ಮೊದಲು ಬೆರಳು ಹಿಚುಕಿ ನೋಡುತ್ತಾರೆ, ಆಮೇಲೆ ರಿಪೋರ್ಟ್ ತೆಗೆಯುತ್ತಾರೆ. ಕೊಟ್ಟಿಗೆಯಲ್ಲಿ ದನ ಕೂಗಿದರೆ ಟಾರ್ಚ್ ಹಿಡಿದು ಹೋಗಿ ನೋಡಬೇಕು, ಹಸಿವೋ, ಕರುವೋ, ಹಾವೋ ಅಂತ. ಕೂಗದಿದ್ದರೂ ಒಂದು ಸುತ್ತು ಹೋಗಿ ಬರಬೇಕು. ಇಎಸ್‌ಆರ್ ಅಷ್ಟೇ.

ಎರಡನೆಯದು ಮುಖ್ಯ. ಮಂಡಿನೋವು ನಾಲ್ಕೈದು ವರ್ಷದ್ದು ಅಂದಿರಿ. ಅದಕ್ಕೆ ಅಮ್ಮ ಏನು ತೆಗೆದುಕೊಳ್ಳುತ್ತಾರೆ? ನೋವಿನ ಮಾತ್ರೆ ನುಂಗುತ್ತಾರಾ? ನಿಮಗೆ ಹೇಳದೇ ನುಂಗುತ್ತಿರಬಹುದು, ಕೇಳಿ ನೋಡಿ. ನಾನೂ ನನ್ನ ಗಂಡನಿಂದ ಬಚ್ಚಿಟ್ಟಿದ್ದೆ.

ಅರಸೀಕೆರೆ_ಹುಡುಗಿ · ಶನಿವಾರ, ಮಧ್ಯಾಹ್ನ 1:30

ಕಮಲಕ್ಕಾ... ಕೈ ನಡುಗುತ್ತಿದೆ ಬರೆಯಲು.

ಕೇಳಿದೆ. "ಇಲ್ಲ ಇಲ್ಲ, ಯಾವಾಗಲೋ ಒಂದು" ಅಂದರು. ಊರಿನಿಂದ ತಂದ ಚೀಲ ನೋಡಿದೆ. ಎಲೆಅಡಿಕೆ ಡಬ್ಬಿಯ ಕೆಳಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ, ನಾಲ್ಕು ಶೀಟ್. ಊರಿನ ಮೆಡಿಕಲ್ ಶಾಪಿನವರು ಕೇಳಿದಾಗಲೆಲ್ಲ ಕೊಡುತ್ತಾರಂತೆ. ಎರಡು ವರ್ಷದಿಂದ ದಿನಕ್ಕೆ ಎರಡು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು, ಕಾಫಿ ಜೊತೆ. "ಅದಿಲ್ಲದಿದ್ದರೆ ಹಸು ಹಾಲು ಕರೆಯೋಕೆ ಕೂರೋಕಾಗಲ್ಲ ಕಣೇ" ಅಂದರು.

ರಿಟೈರ್ಡ್_ಲ್ಯಾಬಣ್ಣ

ಅಯ್ಯೋ ತಾಯಿ.

ಪ್ಯಾಥಾಲಜಿ_ಪಾಪು

ಅಕ್ಕಾ, ಸಂಕೋಚ ಬಿಟ್ಟು ಅಮ್ಮನನ್ನು ಕೇಳಿ. ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿದೆಯಾ? ಈ ಮಾತ್ರೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಆ ರಕ್ತ ಮಲದಲ್ಲಿ ಕಪ್ಪಾಗಿ ಕಾಣುತ್ತದೆ. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಕೇಳಿ. ಡೈಕ್ಲೋಫೆನಾಕ್ ಇವತ್ತಿಂದಲೇ ಬೇಡ.

ಅರಸೀಕೆರೆ_ಹುಡುಗಿ

ಕಬ್ಬಿಣದ ಮಾತ್ರೆ ಇಲ್ಲ. ಕಪ್ಪಗೆ ಹೋಗುವುದು ಹೌದಂತೆ, ಆಗಾಗ. "ರಾಗಿ ಮುದ್ದೆ ತಿನ್ನೋದಕ್ಕೆ ಅಂದುಕೊಂಡಿದ್ದೆ" ಅಂದರು.

ಪ್ಯಾಥಾಲಜಿ_ಪಾಪು

ಸೋಮವಾರದ ತನಕ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯ ಶೀಟ್, ರಿಪೋರ್ಟ್ ಎರಡೂ ಕೈಯಲ್ಲಿರಲಿ. ತಲೆ ಸುತ್ತು, ರಕ್ತವಾಂತಿ ಏನಾದರೂ ಆದರೆ ಸೀದಾ ಎಮರ್ಜೆನ್ಸಿಗೆ.

ಧಾರವಾಡ_ಫೇಡಾ

ಆಟೋ ಹಿಡೀರಿ ಅಕ್ಕಾರ, ಇಲ್ಲಿ ಟೈಪ್ ಮಾಡ್ಕೋತ ಕೂಡಬ್ಯಾಡ್ರಿ.

ಸಂಶಯ_ಸೋಮ

ಮೊದಲ ದಿನ ನಾನು "ಈ ಪ್ಯಾಕೇಜುಗಳ ಕಥೆಯೇ ಇಷ್ಟು" ಅಂತ ಬರೆದಿದ್ದೆ. ಅದು ದಂಧೆಯೇ, ಆ ಮಾತು ವಾಪಸ್ ತೆಗೆದುಕೊಳ್ಳಲ್ಲ. ಆದರೆ ಈ ಸಲ ಅದರಿಂದ ಒಂದು ಒಳ್ಳೆಯದಾಯಿತು ಅಂತ ಒಪ್ಪುತ್ತೇನೆ. ಅದೂ ತಪ್ಪು ಸಾಲಿಗೆ ಬೆಂಕಿಯ ಚಿತ್ರ ಹಾಕಿ.

ಮನೆಮದ್ದು_ಮಂಜಣ್ಣ

ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ ಸೋಮಣ್ಣ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೇ ಕೊಡಬಾರದು. ನಮ್ಮ ತಾಯಿಗೂ ಹೀಗೇ ಕೊಡುತ್ತಾರೆ, ಇವತ್ತೇ ಡಬ್ಬಿ ನೋಡುತ್ತೇನೆ.

ಕೀಲುನೋವು_ಕಮಲಿ

ಬೈಯಬೇಡಿ ಯಾರೂ ಅಮ್ಮನನ್ನು. ನೋವು ಅಂದರೆ ಏನು ಅಂತ ನೋವಿರುವವರಿಗೇ ಗೊತ್ತು. ಮಂಡಿಗೆ ಬೇರೆ ದಾರಿ ಏನು ಅಂತ ಅದೇ ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಊರಿಗೆ ಹೋದ ಕೂಡಲೇ ಮತ್ತೆ ಅದೇ ಅಂಗಡಿಗೆ ಹೋಗುತ್ತಾರೆ.

ವಾರ್ಸಾ_ವಾಸು

ಇಲ್ಲಿ ಈಗ ಬೆಳಿಗ್ಗೆ. ಎದ್ದು ಇದನ್ನೇ ಓದಿದೆ. ಅಮ್ಮನಿಗೆ ಫೋನ್ ಮಾಡಿ "ಯಾವ್ಯಾವ ಮಾತ್ರೆ ನುಂಗ್ತೀಯಾ" ಅಂತ ಕೇಳಿದೆ. "ಪೋಲೆಂಡಿನಿಂದ ಇದನ್ನು ಕೇಳೋಕೆ ಮಾಡಿದ್ಯಾ" ಅಂದರು. ಪಟ್ಟಿ ಮಾತ್ರ ಹೇಳಲಿಲ್ಲ.

ಅರಸೀಕೆರೆ_ಹುಡುಗಿ · ಮುಂದಿನ ಶುಕ್ರವಾರ

ಎಲ್ಲರಿಗೂ ಅಪ್‌ಡೇಟ್ ಕೊಡಬೇಕಿತ್ತು, ಓಡಾಟದಲ್ಲಿ ಆಗಲಿಲ್ಲ.

ಶನಿವಾರವೇ ಅಡ್ಮಿಟ್ ಮಾಡಿಕೊಂಡರು. ಡಾಕ್ಟರಮ್ಮ ಮೊದಲು ಅಮ್ಮನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಉಗುರು ನೋಡಿದರು. ಆಮೇಲೆ ಮಾತ್ರೆ ಶೀಟ್ ನೋಡಿ ಸುಮ್ಮನೆ ತಲೆ ಆಡಿಸಿದರು. ಭಾನುವಾರ ಎಂಡೋಸ್ಕೋಪಿ ಆಯಿತು. ಹೊಟ್ಟೆಯಲ್ಲಿ ಹುಣ್ಣು, ಅದರಿಂದ ನಿಧಾನವಾಗಿ ರಕ್ತ ಒಸರುತ್ತಿತ್ತಂತೆ. ಚೂರು ತೆಗೆದು ಪರೀಕ್ಷೆಗೂ ಕಳಿಸಿದ್ದರು, ಕೆಟ್ಟದ್ದೇನೂ ಇಲ್ಲ ಅಂತ ಇವತ್ತು ರಿಪೋರ್ಟ್ ಬಂತು. ಆಸಿಡ್ ಕಡಿಮೆ ಮಾಡುವ ಮಾತ್ರೆ, ಕಬ್ಬಿಣದ ಡ್ರಿಪ್ ಕೊಟ್ಟಿದ್ದಾರೆ. ಮಂಡಿಗೆ ಸದ್ಯ ಪ್ಯಾರಾಸಿಟಮಾಲ್, ಫಿಸಿಯೋ. ಹಾಲು ಕರೆಯಲು ಎತ್ತರದ ಸ್ಟೂಲ್ ಮಾಡಿಸಿಕೊಡಿ ಅಂತ ಬರೆದೇ ಕೊಟ್ಟರು.

ಇಎಸ್‌ಆರ್ ಬಗ್ಗೆ ಕೇಳಿದೆ. "ಅದು ಹಾಗೇ ಇರಲಿ. ರಕ್ತ ತುಂಬಿದ ಮೇಲೆ, ಎರಡು ತಿಂಗಳು ಬಿಟ್ಟು ನೋಡೋಣ. ಆಗಲೂ ಇಳಿಯದಿದ್ದರೆ ಬೇರೆ ಏನಾದರೂ ಇದೆಯಾ ಅಂತ ಹುಡುಕೋಣ" ಅಂದರು, ಅಷ್ಟೇ.

ಲ್ಯಾಬಣ್ಣ, ಪಾಪು, ಕಮಲಕ್ಕ, ಏನು ಹೇಳಲಿ ನಿಮಗೆಲ್ಲ.

ಪ್ಯಾಥಾಲಜಿ_ಪಾಪು

ಇದನ್ನು ಓದಿ ತುಂಬಾ ಖುಷಿಯಾಯಿತು ಅಕ್ಕಾ. ಅಂದಹಾಗೆ ವೈವಾದಲ್ಲಿ ಇಎಸ್‌ಆರ್ ಬಗ್ಗೆಯೇ ಕೇಳಿದರು. ಪಟಿಕದ ಉದಾಹರಣೆ ಕೊಟ್ಟೆ. ಎಕ್ಸಾಮಿನರ್ "ಇದು ಯಾವ ಪುಸ್ತಕದಲ್ಲಿದೆ?" ಅಂದರು.

ರಿಟೈರ್ಡ್_ಲ್ಯಾಬಣ್ಣ

😄 ಪಾಸಾದೆಯಾ ಇಲ್ಲವಾ ಅದನ್ನು ಹೇಳು ಮೊದಲು.

ಪ್ಯಾಥಾಲಜಿ_ಪಾಪು

ಪಾಸು ಸರ್.

ತುಮಕೂರು_ತಿಂಡಿಪೋತ

ಅಮ್ಮ ಏನು ತಿನ್ನುತ್ತಿದ್ದಾರೆ ಈಗ?

ಅರಸೀಕೆರೆ_ಹುಡುಗಿ

ಮುದ್ದೆ, ಸೊಪ್ಪಿನ ಸಾರು. ಖಾರ ಕಡಿಮೆ ಅಂತ ನನ್ನ ಮೇಲೆ ರೇಗುತ್ತಿದ್ದಾರೆ.

ಇನ್ನೊಂದು ವಿಷಯ. ಟಿಬಿ ಅಂದಿದ್ದ ಚಿಕ್ಕಪ್ಪನೂ ನಿನ್ನೆ ಅದೇ ಪ್ಯಾಕೇಜ್ ಮಾಡಿಸಿದ್ದಾರೆ. ಅವರ ಇಎಸ್‌ಆರ್ 22 ಬಂದಿದೆ, ಕೆಂಪಕ್ಷರ, ಬೆಂಕಿಯ ಚಿತ್ರ ಎಲ್ಲ ಇದೆ. ರಾತ್ರಿ ನಿದ್ದೆ ಮಾಡಿಲ್ಲವಂತೆ. "ನಿಮ್ಮ ಆ ಲ್ಯಾಬಣ್ಣನನ್ನು ಕೇಳು" ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದರು. ವಯಸ್ಸು 67.

ರಿಟೈರ್ಡ್_ಲ್ಯಾಬಣ್ಣ

67ರ ಅರ್ಧ ಎಷ್ಟು ಅಂತ ಅವರನ್ನೇ ಲೆಕ್ಕ ಮಾಡಲು ಹೇಳಿ. ಹಿಮೋಗ್ಲೋಬಿನ್ ಎಷ್ಟಿದೆ, ಯಾವ ಮಾತ್ರೆ ನುಂಗುತ್ತಾರೆ, ಅದನ್ನೂ ಬರೆದು ಕಳಿಸಲಿ. ಎಲೆಅಡಿಕೆ ಡಬ್ಬಿ ಇದ್ದರೆ ಅದರ ಕೆಳಗೂ ನೋಡಿಸಿ.